ಒಳಗಿನ ಮನುಷ್ಯ

"ಕಂಪನಿಯ ಮನುಷ್ಯಾ ಒಬ್ಬಾಂವ ನಮ್ಮೊಳಗ ಅದಾನ," ಎಂದ ಶಿವಪುತ್ರಪ್ಪ. "ಇಲ್ಲೇ ಕುಂತಾನ. ನಮ್ಮ ಜೋಡಿ ಚಹಾ ಕುಡೀಲಿಕ್ಕತ್ತಾನ."

ಎಲ್ಲರ ಕೈಯಲ್ಲೂ ಚಹಾದ ಕಪ್ಪಿತ್ತು. ಕೆಲವರು ಮೆಲ್ಲಗೆ ಕೆಳಗಿಟ್ಟರು. ಕೇಶವಮೂರ್ತಿ ಇಡಲಿಲ್ಲ. ಇಟ್ಟರೆ ಹೆದರಿದ ಎಂದುಕೊಂಡಾರು. ಹಿಡಿದೇ ಇದ್ದರೆ ಧೈರ್ಯ ನಟಿಸುತ್ತಿದ್ದಾನೆ ಎಂದುಕೊಂಡಾರು. ಆರಿಹೋಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಶಿವಪುತ್ರಪ್ಪನ ಮುಖ ನೋಡಿದ. ಕಳ್ಳನೇ ಮೊದಲು ಕೂಗುತ್ತಾನಲ್ಲ ಎನಿಸಿತು. ಜೋಗೇಶ್ವರಿಯಲ್ಲಿ ಕಬ್ಬಿಣದ ಗ್ರಿಲ್ ಮಾಡುವ ಕಾರ್ಖಾನೆ ಇಟ್ಟವನಿಗೆ ಹೊಸ ಹೋಟೆಲಿನ ಕಿಟಕಿಗಳು ಕಾಣುವುದಿಲ್ಲವೆ?

ಭಾನುವಾರದ ಬೆಳಿಗ್ಗೆ. ಬಿಲ್ಡಿಂಗಿನ ಟೆರೇಸಿನ ಮೇಲೆ ಜಮಖಾನೆ ಹಾಸಿ ಮೀಟಿಂಗು ನಡೆದಿತ್ತು. ಕೆಳಗೆ ವರ್ಸೋವಾದ ಸಮುದ್ರ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ಬೊಂಬಾಯಿಯ ಮಾಟುಂಗದ ಸಂಘದಲ್ಲಿ ಪರಿಚಯವಾದ ಕನ್ನಡಿಗರೇ ಸೇರಿ ಕಟ್ಟಿಸಿಕೊಂಡ ಸೊಸೈಟಿ ಇದು. ಆಗ ಇಲ್ಲಿ ಜಾಗ ಅಗ್ಗ. ಮೀನಿನ ವಾಸನೆಯ, ಬಸ್ಸು ಬಾರದ ಈ ದಂಡೆ ಯಾರಿಗೂ ಬೇಕಿರಲಿಲ್ಲ. ಬಾಂಗ್ಲಾ ಯುದ್ಧ ಮುಗಿದ ಮರುವರ್ಷ ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾಯಿತು. ದೊಡ್ಡ ಹೋಟೆಲು ಬರುತ್ತದಂತೆ. ದಂಡೆಯುದ್ದಕ್ಕೂ ಗೋಡೆ, ಗೋಡೆಯ ಮೇಲೆ ಫಾರಿನ್ನಿನವರು ಅಡ್ಡಾಡುವ ದಾರಿ, ದೀಪಗಳು. ಎಳನೀರಿನ ಗಾಡಿಗಳು, ಗುಡಿಸಲುಗಳು, ಕುದುರೆ ಸವಾರಿಯವರು ಎಲ್ಲ ಹೋಗಬೇಕು. ಸೊಸೈಟಿಯವರು ತಕರಾರು ಮಾಡಬಾರದು ಎಂಬುದು ಹೋಟೆಲು ಕಂಪನಿಯ ಮಾತು.

"ಟೂರಿಸ್ಟ್ ಬಂದು ನೋಡೋದರ ಏನನ್ನ?" ಎಂದರು ಕಸ್ತೂರಿಬಾಯಿ. ಬೆಳಗಾವಿಯ ಕಡೆಯವರು, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಒಂಟಿ ಹೆಂಗಸು. "ನಮ್ಮ ಬಾಲ್ಕನಿಯೊಳಗ ಒಣಹಾಕಿದ ಸೀರಿ-ಲುಗಡಿ ನೋಡ್ತಾರೇನು?"

"ಈಗೇನ ಕಾಣತೈತ್ರಿ ಬಾಯಾರ?" ಶಿವಪುತ್ರಪ್ಪ ತಿರುಗಿ ಕೇಳಿದ. "ಮುಂಜಾನೆ ಖಿಡಕಿ ತೆಗದ್ರ ದಂಡಿ ಮ್ಯಾಲೆ ತಂಬಿಗಿ ಹಿಡಕೊಂಡು ಸಾಲಾಗಿ ಕುಂತಿರತಾರ. ಅದನ್ನ ನೋಡಕೋತ ನಾಷ್ಟಾ ಮಾಡಬೇಕು ನಾವು."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬರು ಹೋಟೆಲು ಬಂದರೆ ನೀರಿನ ಪೈಪು ಬರುತ್ತದೆ ಎಂದರು. ಬರುತ್ತದೆ, ಆದರೆ ಹೋಟೆಲಿಗೆ ಎಂದರು ಇನ್ನೊಬ್ಬರು. ಹಿಂದಿನ ಮೀಟಿಂಗಿನಲ್ಲಿ ಆಡಿದ ಮಾತೆಲ್ಲ ಮರುದಿನವೇ ಕಂಪನಿಗೆ ಗೊತ್ತಾಗಿದ್ದು ಹೇಗೆ ಎಂದು ಶಿವಪುತ್ರಪ್ಪ ಮತ್ತೆ ಕೇಳಿದ. ಯಾರೂ ಯಾರನ್ನೂ ನೋಡಲಿಲ್ಲ.

"ಪ್ರೊಫೆಸರ್ ಸಾಹೇಬ್ರ, ನೀವೂ ಏನಾರ ಹೇಳ್ರಲಾ," ಎಂದ ಶಿವಪುತ್ರಪ್ಪ.

ಕೇಶವಮೂರ್ತಿ ಘಾಟ್ಕೋಪರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ. ಮೈಸೂರು ಬಿಟ್ಟು ಇಲ್ಲಿಗೆ ಬಂದಾಗಿನಿಂದ ಅದೇ ಕಾಲೇಜು, ಹಿಂದಿನ ಬೆಂಚುಗಳ ಅದೇ ಗುಸುಗುಸು. ಅವನು ಮಾತಾಡುವಾಗ ಜನ ಬೇರೇನನ್ನೋ ಮಾಡುತ್ತಿರುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಎದ್ದು ನಿಂತು, ಒಂದು ಊರು ಬೆಳೆಯುವಾಗ ಲಾಭ ಯಾರಿಗೆ ಹೋಗುತ್ತದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು ಎಂದು ಶುರುಮಾಡಿದ.

ನೀರಿನ ಟಾಂಕಿಯ ಮೇಲೆ ಕಾಗೆ ಉಗುರಿನಿಂದ ಕೆರೆಯುವುದು ಕೇಳಿಸಿತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನಿಗೆ ಸಂತೋಷವಾಯಿತು. ಹಿಂದೆಯೇ ಒಂದು ಸಂಗತಿ ಹೊಳೆಯಿತು. ಇವರು ಕೇಳುತ್ತಿರುವ ರೀತಿ ಪಾಠ ಕೇಳುವವರದಲ್ಲ, ಡಾಕ್ಟರು ಏನೆನ್ನುತ್ತಾನೋ ಎಂದು ಕಾಯುವವರದು.

"ಬೇಕೋ ಬೇಡವೋ ಅನ್ನೋದಕ್ಕಿಂತ, ಬಂದ ಮೇಲೆ ನಾವು ಏನಾಗ್ತೀವಿ ಅನ್ನೋದು ಪ್ರಶ್ನೆ," ಎಂದು ಮುಗಿಸಿದ.

"ಅಂದ್ರ ಬರೂದು ಪಕ್ಕಾ ಆತು," ಎಂದು ಹಿಂದಿನಿಂದ ಯಾರೋ ಹೇಳಿದರು.

ಯಾವ ತೀರ್ಮಾನವೂ ಆಗದೆ ಜನ ಎದ್ದರು.

ಮೆಟ್ಟಿಲಿಳಿಯುವಾಗ ಕಸ್ತೂರಿಬಾಯಿ ಅವನ ತೋಳು ಹಿಡಿದು ನಿಲ್ಲಿಸಿದರು. ಬೇರೆಯವರೆಲ್ಲ ಮುಂದೆ ಹೋಗಲು ಬಿಟ್ಟರು.

"ಗೋಡೆ ನನ್ನ ಬಾಲ್ಕನಿಗೆ ಅಡ್ಡ ಬರತದೇನು?"

"ನಂಗೆ ಹೇಗೆ ಗೊತ್ತಾಗ್ಬೇಕು, ಕಸ್ತೂರಿಬಾಯಿಯವರೇ?"

"ಒಂಚೂರು ಕೆಳಗ ಮಾಡ್ಲಿಕ್ಕೆ ಹೇಳ್ರಿ. ಸಂಜೀಕ ನನಗ ಬ್ಯಾರೆ ಏನದ? ಕೂತು ಸಮುದ್ರ ನೋಡ್ತೀನಿ, ಅಷ್ಟ."

"ನಾನು ಯಾರಿಗೆ ಹೇಳಲಿ?"

ಅವರು ನಕ್ಕರು. ತಪ್ಪು ಮಾಡಿದ ಜಾಣ ಹುಡುಗನನ್ನು ಕಂಡು ನಗುವ ನಗು. "ಇರಲಿ, ಇರಲಿ. ಹೇಳಬ್ಯಾಡ್ರಿ. ನಾ ಕೇಳೇ ಇಲ್ಲ ಅಂತ ತಿಳೀರಿ."

ಕೆಳಗೆ ಶಿವಪುತ್ರಪ್ಪ ಕಾಯುತ್ತಿದ್ದ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಅದುವರೆಗೆ ಅವನು ಎಂದೂ ಕೇಶವಮೂರ್ತಿಯನ್ನು ಮುಟ್ಟಿದವನಲ್ಲ.

"ನಾ ಯಾರ ಹೆಸರೂ ತಗೋಲಿಲ್ಲ, ನೋಡಿದ್ರಲಾ?" ಎಂದ. ಆಮೇಲೆ ದನಿ ತಗ್ಗಿಸಿ, "ಗ್ರಿಲ್ಲಿನ ಕೆಲಸ ಇದ್ರ ನಮ್ಮನ್ನ ನೆನಸ್ರಿ," ಎಂದು ಸ್ಕೂಟರು ಹತ್ತಿ ಹೋದ.

ಹಾಗಾದರೆ ಅದು ತಾನು. ಕೇಶವಮೂರ್ತಿ ನೆರಳಿಲ್ಲದ ಅಂಗಳದಲ್ಲಿ ನಿಂತುಬಿಟ್ಟ. ಬೆಳಗಿನಿಂದ ತಾನು ಟೆರೇಸಿನ ಮೇಲೆ ಒಬ್ಬೊಬ್ಬರ ಮುಖದಲ್ಲೂ ಹುಡುಕುತ್ತಿದ್ದ ಮನುಷ್ಯನನ್ನು ಉಳಿದವರೆಲ್ಲ ಆಗಲೇ ಕಂಡುಹಿಡಿದಿದ್ದರು.

ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನೊಂದು ತಮಾಷೆಯೆಂಬಂತೆ ಹೇಳಿದ. ಶಾಮಲಾ ನಗಲಿಲ್ಲ. ಹುಳಿ ಬಡಿಸಿ ಎದುರಿಗೆ ಕೂತಳು.

"ಮೊನ್ನೆ ಕಂಪನಿಯವರ ಕಾರಲ್ಲಿ ಹೋದ್ರಲ್ಲ," ಎಂದಳು.

"ಬಸ್ ಬರ್ಲಿಲ್ಲ. ಅಂಧೇರಿ ಸ್ಟೇಷನ್‌ಗೆ ದಾರಿ ಕೇಳಿದ. ನಾನೂ ಅಲ್ಲಿಗೇ ಅಂದೆ. ಹತ್ತಿಸ್ಕೊಂಡ. ಅಷ್ಟೇ."

"ದಾರೀಲಿ ಏನಂದ?"

"ಏನೂ ಅನ್ಲಿಲ್ಲ. ನಿದ್ದೆ ಮಾಡ್ತಿದ್ದ."

ಅದು ಸತ್ಯ. ಕಪ್ಪು ಕನ್ನಡಕದ ಆ ಮನುಷ್ಯ ಬಿಳಿ ಅಂಬಾಸಡರಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಆದರೆ ಹೇಳಿದ ಮೇಲೆ ಕೇಶವಮೂರ್ತಿಗೇ ಅದು ಹಸಿ ಸುಳ್ಳಿನಂತೆ ಕೇಳಿಸಿತು.

"ನಂಗೂ ಹೇಳ್ಬಾರ್ದಾ?" ಶಾಮಲಾಳ ದನಿ ಮೆತ್ತಗಿತ್ತು. "ಬೇಡ ಬಿಡಿ. ಟ್ಯಾಂಕರ್ ಬಂದಾಗ ಈಗ ಎಲ್ರೂ 'ನೀವು ಮೊದ್ಲು ತುಂಬ್ಕೊಳಿ' ಅಂತಾರೆ. ಯಾಕೆ ಅಂತ ನಂಗೆ ಗೊತ್ತಿಲ್ವಾ? ಇಷ್ಟು ವರ್ಷ ಈ ಬಿಲ್ಡಿಂಗಲ್ಲಿ ನನ್ನ ಹೆಸರು ಕೂಡ ಯಾರಿಗೂ ಗೊತ್ತಿರ್ಲಿಲ್ಲ."

ಅವನು ತುತ್ತು ಎತ್ತಿದವನು ಹಾಗೆಯೇ ನೋಡಿದ. ಮದುವೆಯಾದ ಹೊಸದರಲ್ಲಿ, ಬೊಂಬಾಯಿಗೆ ಹೋಗೋಣ ಎಂದಾಗ ಆ ಮುಖದಲ್ಲಿ ಕಂಡಿದ್ದ ಬೆಳಕು ಈಗ ಮತ್ತೆ ಇತ್ತು. ನಡುವಿನ ವರ್ಷಗಳಲ್ಲಿ ಅದು ಆರಿದ್ದನ್ನು ತಾನು ಗಮನಿಸಿಯೇ ಇರಲಿಲ್ಲ ಎಂಬುದೂ ಹೊಳೆಯಿತು. ಇಲ್ಲ ಕಣೇ, ನಾನು ಯಾರೂ ಅಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದ.

"ಹೇಳೋ ಕಾಲ ಇನ್ನೂ ಬಂದಿಲ್ಲ," ಎಂದ.

ಶಾಮಲಾ ತಲೆ ತಗ್ಗಿಸಿ, ಅವನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಮಧ್ಯಾಹ್ನ ನಿದ್ದೆ ಬರಲಿಲ್ಲ. ಬಿಸಿಲು ಇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ದಂಡೆಗೆ ಹೋದ. ಎಳನೀರಿನವನು ಎದ್ದು ನಿಂತು ಸಲಾಮು ಮಾಡಿದ. ತಿರುಗಿ ಸಲಾಮು ಮಾಡಬೇಕೋ ಬೇಡವೋ ತಿಳಿಯದೆ ಕೇಶವಮೂರ್ತಿ ಗಂಟಲು ಸರಿಮಾಡಿಕೊಂಡ.

ಜಮಾಲಸಾಬ ಅವನಿಗಾಗಿ ಕಾಯುತ್ತಿದ್ದಂತಿತ್ತು. ಇಂಡಿ ತಾಲ್ಲೂಕಿನಿಂದ ಬಂದವನು. ದಂಡೆಯ ಮೇಲೆ ಮಕ್ಕಳನ್ನು ಕುದುರೆಯ ಮೇಲೆ ಕೂಡಿಸಿ ಸುತ್ತು ಹಾಕಿಸುವುದು ಅವನ ಕಸುಬು. ಕುದುರೆ ಮಣ್ಣಿನ ಬಣ್ಣದ್ದು. ಹಣೆಗೆ ಗೊಂಡೆ ಕಟ್ಟಿದ್ದ. ಅದನ್ನು ಗೂಟಕ್ಕೆ ಬಿಗಿದು ಹತ್ತಿರ ಬಂದ.

"ಸಾಹೇಬ್ರ, ಒಂದು ಮಾತು ಕೇಳಬೇಕಿತ್ರಿ."

"ಏನು?"

"ಕಂಪನ್ಯಾಂವ ಬಂದಾನ. ಅಕಾ ಅಲ್ಲಿ, ಚಹಾದಂಗಡಿ ಕಡೆ." ರಸ್ತೆಯ ಅಂಚಿನಲ್ಲಿ ಬಿಳಿ ಅಂಬಾಸಡರ್ ನಿಂತಿತ್ತು. "ತಾನಾಗೇ ಜಾಗಾ ಬಿಟ್ರ ಜೋಗೇಶ್ವರಿ ತಬೇಲಾದಾಗ ಕುದರಿಗೆ ಜಾಗಾ ಕೊಡಸ್ತೀನಿ, ನಿನಗ ಕಟ್ಟಡದ ಮ್ಯಾಲೆ ವಾಚಮನ್ ಕೆಲಸ ಅಂದಾನ. ಇವತ್ತ ಹೂಂ ಅನಬೇಕಂತ. ಇಲ್ಲಂದ್ರ ನಾಳಿಂದ ಮಾತಿಲ್ಲ."

"ಮತ್ತೆ?"

"ನಮ್ಮ ಮನಿಯಾಕಿ ಹಸೀನಾ ಒಲ್ಲೆ ಅಂತಾಳ್ರಿ. ಹೋಟೆಲ್ ಆದ್ರ ದೊಡ್ಡ ಮಂದಿ ಬರತಾರ, ಅವರ ಮಕ್ಕಳಿಗೆ ಕುದರಿ ಬ್ಯಾಡೇನು, ಇದ್ದಲ್ಲೇ ಇರೂಣು ಅಂತಾಳ. ಅಕಿ ಮಾತು ನನಗೂ ಖರೇ ಅನಸತೈತಿ. ನೀವು ಒಳಗಿನವರು. ನಿಮಗ ಗೊತ್ತಿರತೈತಿ. ಹೋಟೆಲ್ ಆದಮ್ಯಾಲೆ ಕುದರಿ ಇಡತಾರೇನ್ರಿ?"

ಕೇಶವಮೂರ್ತಿಗೆ ಮೊದಲು ಬಂದದ್ದು ಅನುಮಾನ. ಇವನನ್ನು ಶಿವಪುತ್ರಪ್ಪನೇ ಕಳಿಸಿರಬಹುದು. ಬಾಯಿ ಬಿಡಿಸಲೆಂದು. ನನಗೇನೂ ಗೊತ್ತಿಲ್ಲ ಎಂದರೆ ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಮುಟ್ಟುತ್ತದೆ. ಗೊತ್ತಿದ್ದೂ ಬಡವನಿಗೆ ಹೇಳಲಿಲ್ಲ ಎಂದಾಗುತ್ತದೆ. ಅಥವಾ, ಇನ್ನೂ ಕೆಟ್ಟದ್ದು, ನಿಜಕ್ಕೂ ಗೊತ್ತಿಲ್ಲ ಎಂದು ಅವರು ನಂಬಿಬಿಡಬಹುದು. ಟ್ಯಾಂಕರಿನ ಮುಂದೆ ಕೊಡ ಹಿಡಿದು ಸಾಲಿನ ಕೊನೆಗೆ ಹೋಗಿ ನಿಲ್ಲುವ ಶಾಮಲಾ ಕಣ್ಣಿಗೆ ಬಂದಳು.

ಜಮಾಲಸಾಬ ಕಣ್ಣು ಕೀಲಿಸಿ ನಿಂತಿದ್ದ. ಅಷ್ಟು ಹತ್ತಿರದಿಂದ, ಅಷ್ಟು ಗಮನವಿಟ್ಟು ಯಾರೂ ಕೇಶವಮೂರ್ತಿಯನ್ನು ನೋಡಿ ಬಹಳ ಕಾಲವಾಗಿತ್ತು.

"ಇರು," ಎಂದ. "ಹೋಗ್ಬೇಡ. ಕುದುರೆ ಇರ್ತವೆ. ಟೂರಿಸ್ಟ್ ಬಂದ್ಮೇಲೆ ಬೇಕಾಗತ್ತಲ್ಲ."

"ಖರೇನ್ರಿ?"

"ಖರೆ."

ಆ ಪದವನ್ನು ಅವನು ತನ್ನ ಜೀವಮಾನದಲ್ಲಿ ಹಿಂದೆಂದೂ ಬಳಸಿರಲಿಲ್ಲ. ಬೇರೆ ಯಾರದೋ ಅಂಗಿ ತೊಟ್ಟಂತೆ ಅನಿಸಿತು. ಅಂಗಿ ಅಳತೆಗೆ ಸರಿಯಾಗಿತ್ತು.

ಜಮಾಲಸಾಬ ಒಂದು ಗಳಿಗೆ ಅವನ ಮುಖದಲ್ಲಿ ಏನನ್ನೋ ಹುಡುಕಿದ. ನಂಬಿಕೆ ಎನ್ನುವಂತಿರಲಿಲ್ಲ ಆ ನೋಟ. ಸಂತೆಯಲ್ಲಿ ಕುದುರೆಯ ಬಾಯಿ ಬಿಡಿಸಿ ಹಲ್ಲು ನೋಡುವವನ ನೋಟ. ಆಮೇಲೆ ತಿರುಗಿ ಮರಳಿನ ಮೇಲೆ ಕಾಲೆಳೆಯುತ್ತ ಚಹಾದಂಗಡಿಯ ಕಡೆ ನಡೆದ.

ಕೂಗಿ ಕರೆಯಬಹುದಿತ್ತು. ದಾರಿ ಉದ್ದವಾಗಿತ್ತು, ಅವನ ನಡಿಗೆ ನಿಧಾನ, ಗಾಳಿಯೂ ಅತ್ತ ಕಡೆಗೇ ಬೀಸುತ್ತಿತ್ತು. ಏ ಜಮಾಲಸಾಬ ಎಂದರೆ ಸಾಕಿತ್ತು. ಕೇಶವಮೂರ್ತಿ ನೋಡುತ್ತ ನಿಂತ. ತಾನು ಹೇಳಿದ್ದು ಅರ್ಥಶಾಸ್ತ್ರದ ಲೆಕ್ಕದಲ್ಲಿ ಸರಿಯೇ ಇದೆಯಲ್ಲ ಎಂದು ತನಗೇ ವಿವರಿಸಿಕೊಂಡ. ಬೇಡಿಕೆ ಇದ್ದಲ್ಲಿ ಪೂರೈಕೆ ಇರಲೇಬೇಕು. ಅತ್ತ ಜಮಾಲಸಾಬ ಕಾರಿನ ಕಿಟಕಿಗೆ ಬಾಗಿದ. ತಲೆ ಅಡ್ಡಡ್ಡ ಆಡಿಸಿದ. ಒಳಗಿನಿಂದ ಒಂದು ಕೈ ಹೊರಬಂದು ಗಾಜು ಒರೆಸಿ ಒಳಗೆ ಹೋಯಿತು. ಕಾರು ಹೊರಟಿತು.

ದಂಡೆಯ ಪಕ್ಕದ ದಾರಿಯಲ್ಲೇ ಅದು ಬಂತು. ಕೇಶವಮೂರ್ತಿ ಅರಿವಿಲ್ಲದೆಯೇ ದಾರಿಯ ಅಂಚಿಗೆ ಸರಿದು, ಗುರುತಿನ ನಗೆಯೊಂದನ್ನು ಮುಖದ ಮೇಲೆ ಸಿದ್ಧಮಾಡಿಕೊಂಡ. ಕಪ್ಪು ಕನ್ನಡಕ ಅವನ ಕಡೆ ತಿರುಗಿತು. ದಂಡೆಯ ತೆಂಗಿನಮರಗಳ ಮೇಲೆ ಹಾದು ಬಂದ ನೋಟ ಅದೇ ವೇಗದಲ್ಲಿ ಅವನ ಮೇಲೂ ಹಾದು ಮುಂದಿನ ಮರಕ್ಕೆ ಹೋಯಿತು. ಧೂಳು ಉಳಿಯಿತು.

ಜಮಾಲಸಾಬ ಮರಳಿ ಬಂದಿದ್ದ. ಎಲ್ಲವನ್ನೂ ನೋಡಿದ್ದ. ಈಗ ಗೊತ್ತಾಯಿತು, ಈಗ ಇವನು ನನ್ನ ಕುತ್ತಿಗೆಪಟ್ಟಿ ಹಿಡಿಯುತ್ತಾನೆ ಎಂದುಕೊಂಡ ಕೇಶವಮೂರ್ತಿಗೆ ಭಯದ ಜೊತೆಗೇ ಒಂದು ಬಗೆಯ ಹಗುರವೂ ಆಯಿತು.

ಜಮಾಲಸಾಬ ಹಲ್ಲು ಬಿಟ್ಟು ನಕ್ಕ. "ಭಾರಿ ನಾಟಕಾ ಮಾಡತೀರಿ ಬಿಡ್ರಿ ಇಬ್ರೂ! ಗುರುತ ಇಲ್ಲದವರಂಗ!" ಅವನ ಮುಖದಲ್ಲಿದ್ದ ಅನುಮಾನವೆಲ್ಲ ಹೋಗಿತ್ತು. "ಈಗ ನನಗ ಪೂರಾ ಭರೋಸಾ ಆತು ನೋಡ್ರಿ."

ಕುದುರೆಯನ್ನು ಬಿಚ್ಚಿಕೊಂಡು, ಏನೋ ಗುನುಗುತ್ತ ಗುಡಿಸಲುಗಳ ಕಡೆ ಹೊರಟುಹೋದ.

ಕೇಶವಮೂರ್ತಿ ಮನೆಗೆ ಹೋಗಲಿಲ್ಲ. ಜನ ಕಡಿಮೆಯಾದ ತುದಿಯತ್ತ ನಡೆದ. ಸೂರ್ಯ ಮುಳುಗಿ, ನೀರಿನ ಮೇಲೆ ಬೂದಿಬಣ್ಣ ಹರಡಿತ್ತು. ಅಲ್ಲಿ ಒಂದು ಸಂಸಾರ ನಿಂತಿತ್ತು. ಸಮುದ್ರವನ್ನು ಮೊದಲ ಸಲ ನೋಡುತ್ತಿರುವವರೆಂದು ಅವರು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು: ಗಂಡಸರು ಧೋತಿ ಎತ್ತಿ ಕಟ್ಟಿದ್ದರು, ಹೆಂಗಸರು ಚಪ್ಪಲಿಗಳನ್ನು ಎದೆಗವಚಿಕೊಂಡಿದ್ದರು. ಹಿರಿಯನೊಬ್ಬ ಕೈಮುಗಿದು ಹಿಂದಿಯಲ್ಲಿ ನೀರಿನ ಆಳ ಕೇಳಿದ.

"ಬಾಬೂಜಿ, ಯಹಾಂ ಪಾನೀ ಗಹರಾ ತೋ ನಹೀಂ?"

ಇಷ್ಟು ವರ್ಷ ಈ ದಂಡೆಯಲ್ಲಿದ್ದೂ ಕೇಶವಮೂರ್ತಿ ಒಮ್ಮೆಯೂ ನೀರಿಗೆ ಇಳಿದವನಲ್ಲ. ಆಳ ಎಲ್ಲಿ ಶುರುವಾಗುತ್ತದೋ, ಈ ಹೊತ್ತಿನಲ್ಲಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅವನಿಗೆ ತಿಳಿಯದು.

"ನಹೀಂ," ಎಂದ. "ಜಾಯಿಯೇ," ಎಂದು ನೀರಿನ ಕಡೆ ಕೈ ತೋರಿದ.

ಅವರು ಕೈಕೈ ಹಿಡಿದು ಸಾಲಾಗಿ ಇಳಿದರು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಒಂದೊಂದು ಅಲೆ ಬಂದಾಗಲೂ ಸಾಲು ಓಲಾಡಿತು. ಹೆಂಗಸರು ಚೀರಿ ನಕ್ಕರು. ಎಲ್ಲರೂ ಒಟ್ಟಿಗೆ ಹಿಂದಿರುಗಿ ಅವನನ್ನು ನೋಡಿದರು. ಅವನು ತಲೆಯಾಡಿಸಿದ. ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು.

ಮುಖಗಳು ಕಾಣದಷ್ಟು ಕತ್ತಲಾಗುತ್ತ ಬಂತು. ನಗು ಕೇಳಿಸುತ್ತಿದೆಯೋ ಚೀರಾಟವೋ ಗಾಳಿಯಲ್ಲಿ ತಿಳಿಯಲಿಲ್ಲ. ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳು, ಹಿಡಿಯಲು ಯಾರೂ ಇಲ್ಲದ ತನ್ನ ಇನ್ನೊಂದು ಕೈಯನ್ನು ದಂಡೆಯ ಕಡೆಗೆ, ಅವನ ಕಡೆಗೆ, ಚಾಚಿಕೊಂಡೇ ನೀರಿನೊಳಗೆ ಹೋಗುತ್ತಿದ್ದಳು. ಕೇಶವಮೂರ್ತಿ ಒಣ ಮರಳಿನ ಮೇಲೆ ನಿಂತು, ಯಾರಿಗೂ ಕಾಣದ ಆ ಕತ್ತಲೆಯಲ್ಲಿ, ತಲೆಯಾಡಿಸುತ್ತಲೇ ಇದ್ದ.