ಎಡಗಡೆಯ ಕನ್ನಡಿ

ಪೆಟ್ರೋಲಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ಪುಷ್ಪಲತಾಗೆ ಅಪ್ಪನ ಖಾಕಿ ಅಂಗಿ ನೆನಪಾಗುತ್ತಿತ್ತು. ಬ್ಯಾಡಗಿಯಲ್ಲಿ ಕೈಯಿಂದ ತಿರುಗಿಸುವ ಪೆಟ್ರೋಲ್ ಪಂಪು ಇದ್ದ ಕಾಲ ಅದು. ದಿನವಿಡೀ ಅದರ ಹಿಡಿಕೆ ತಿರುಗಿಸಿ ಅಪ್ಪ ಮನೆಗೆ ಬಂದರೆ, ಅವ್ವ ಆ ಅಂಗಿಯನ್ನು ಒಳಗೆ ತರಗೊಡದೆ ಹಿತ್ತಲ ಗೂಟಕ್ಕೆ ಹಾಕಿಸುತ್ತಿದ್ದಳು. ಯಾರೂ ಇಲ್ಲದ ಹೊತ್ತು ನೋಡಿ ಪುಷ್ಪಲತಾ ಹೋಗಿ ಅದರಲ್ಲಿ ಮುಖ ಹುದುಗಿಸಿ ನಿಲ್ಲುತ್ತಿದ್ದಳು. ದೂರದೂರಿಗೆ ಹೋಗುವವರ ವಾಸನೆ ಅದು ಎಂದು ಅವಳಿಗೆ ಆಗಲೇ ಅನ್ನಿಸುತ್ತಿತ್ತು.

ಈಗ ಮೋಟೆಬೆನ್ನೂರು ಕ್ರಾಸಿನ ಬಂಕಿನಲ್ಲಿ ಕಾರಿನ ಕಿಟಕಿ ಇಳಿಸಿ ಕುಳಿತವಳು ಅದೇ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದಳು.

"ಫುಲ್ ಮಾಡ್ಲೇನ್ರಿ ಅಕ್ಕೋರ?" ಎಂದ ಗುಡದಪ್ಪ. ಇಪ್ಪತ್ತೈದು ವರ್ಷದ ಹಿಂದೆ ಅವಳ ಹತ್ತಿರ ಎಂಟನೆಯ ತರಗತಿಯಲ್ಲಿ ವಿಜ್ಞಾನ ಕಲಿತವನು. ಅವನ ಮೀಸೆಯಲ್ಲೂ ಈಗ ಬಿಳಿಕೂದಲು ಬಂದಿದ್ದವು.

"ಬ್ಯಾಡಪಾ, ನಾಳೆ ಹಾವೇರಿಗೆ ಹೋಗಿ ಬರೂವಷ್ಟ ಹಾಕು."

ಪೆಟ್ರೋಲು ಹಾಕಿದವನು ಕಾರನ್ನು ಸುತ್ತಿ ಆ ಕಡೆಗೆ ಹೋದ. ಟಕ್ ಎಂದು ಸದ್ದಾಯಿತು. "ಎಡಗಡಿ ಕನ್ನಡಿ ಮಡಚಿತ್ರಿ ಅಕ್ಕೋರ. ಎಲ್ಯರ ಗಾಡಿ ನಿಲ್ಲಿಸಿದಾಗ ಯಾರರ ಬಡಕೊಂಡ ಹೋಗಿರ್ಬೇಕು," ಎಂದು ಅವಳ ಪರವಾಗಿ ತಾನೇ ಕಾರಣವನ್ನೂ ಹೇಳಿಬಿಟ್ಟ. ತನ್ನ ಅಂಗಿಯ ತುದಿಯಿಂದ ಕನ್ನಡಿಯನ್ನು ಒರೆಸಿದ.

ರಾಣೆಬೆನ್ನೂರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಅವಳು ಆ ಕನ್ನಡಿ ಇಲ್ಲದೆಯೇ ಬಂದಿದ್ದಳು. ಇಲ್ಲ ಅನ್ನುವುದೇ ಗೊತ್ತಾಗಿರಲಿಲ್ಲ.

ಒಂದು ತಾಸಿನ ಹಿಂದೆ ಅಲ್ಲಿಯ ಕಣ್ಣಿನ ಡಾಕ್ಟರು ಒಂದು ಕಾಗದ ತೋರಿಸಿದ್ದರು. ಅದರಲ್ಲಿ ಕಣ್ಣಿಗೊಂದರಂತೆ ಎರಡು ವೃತ್ತಗಳು. ಎರಡರಲ್ಲೂ ಎಡಭಾಗಕ್ಕೆ ಮಸಿ ಚೆಲ್ಲಿದ ಹಾಗೆ ಕಪ್ಪು. "ಹೋದ ನೋಟ ತಿರುಗಿ ಬರೂದಿಲ್ರಿ. ಇದ್ದದ್ದನ್ನ ಉಳಿಸಿಕೊಳ್ಳೂಣು. ಕಣ್ಣಿಗಿ ಹಾಕೂ ಹನಿ ತಪ್ಪಸಬ್ಯಾಡ್ರಿ. ಗಾಡಿ ಮಾತ್ರ ಇವತ್ತಿಂದ ಬಂದ್," ಎಂದಿದ್ದರು. "ಇವತ್ತ ಯಾರ ಕರ್ಕೊಂಡ ಬಂದಾರ?" ಎಂದು ಕೇಳಿದಾಗ, "ತಮ್ಮ ಬಂದಾನ್ರಿ, ಹೊರಗ ನಿಂತಾನ," ಎಂದು ಅವಳು ಹೇಳಿಬಿಟ್ಟಿದ್ದಳು. ಅವಳಿಗೆ ತಮ್ಮನೇ ಇರಲಿಲ್ಲ.

ಗುಡದಪ್ಪ ಕಾರ್ಡು ಉಜ್ಜಿ ಹಿಂದಕ್ಕೆ ಕೊಟ್ಟ. ಪೆಟ್ರೋಲಿಗೆಂದೇ ಇರುವ ಕ್ರೆಡಿಟ್ ಕಾರ್ಡು ಅದು. ಏಳು ವರ್ಷದ ಹಿಂದೆ ಇದೇ ಬಂಕಿನಲ್ಲಿ ಛತ್ರಿಯ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದವನೊಬ್ಬ, "ಸರ್ ಎಲ್ಲಿ ಮೇಡಂ? ಗಾಡಿ ಅವರ ಹೆಸರಲ್ಲಿದೆಯಾ?" ಎಂದು ಕೇಳಿದ್ದ. "ಗಾಡಿ ನಂದು. ಓಡಸಾಕಿನೂ ನಾನ," ಎಂದು ಅವಳು ಸಹಿ ಹಾಕಿದ್ದಳು. ಐವತ್ತೊಂದನೆಯ ವಯಸ್ಸಿಗೆ ಶಾಲೆಯ ವ್ಯಾನು ಓಡಿಸುವ ಅಲ್ಲಾಬಕ್ಷನಿಂದ ಮೈದಾನದಲ್ಲಿ ಕಾರು ಕಲಿತವಳು. ಕಾರ್ಡಿನ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಅವಳದೊಂದೇ ಹೆಸರು.

ಫೋನು ಕುಂಯ್ ಎಂದಿತು. ಕಾರ್ಡಿನ ವಾರ್ಷಿಕ ಶುಲ್ಕ ತಿಂಗಳ ಕೊನೆಗೆ ಬೀಳುತ್ತದೆ, ಮುಂದುವರಿಸಲು ಇಷ್ಟವಿಲ್ಲದವರು ಅಷ್ಟರೊಳಗೆ ಈ ನಂಬರಿಗೆ ಕರೆ ಮಾಡಬೇಕು ಎಂಬ ಸಂದೇಶ. ಅವಳು ಅದನ್ನು ಎರಡು ಸಲ ಓದಿದಳು. ಡಾಕ್ಟರರ ಕಾಗದವನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಬಹುದಿತ್ತು, ತುರುಕಿಯೂ ಇದ್ದಳು. ಈ ಸಂದೇಶ ಮಾತ್ರ ಎದುರಿಗೆ ನಿಂತು ಉತ್ತರ ಕೇಳುತ್ತಿತ್ತು.

ಕಾರ್ಡು ಬೇಡ ಎಂದು ಹೇಳಲು ಅಡ್ಡಿಯೇನೂ ಇರಲಿಲ್ಲ, ಮುಮ್ತಾಜಬಿ ಒಬ್ಬಳನ್ನು ಬಿಟ್ಟರೆ. ಹಿಂದಿನ ಓಣಿಯ ಮುಮ್ತಾಜಬಿ ಇಪ್ಪತ್ತು ವರ್ಷದಿಂದ ಅವಳ ಕುಪ್ಪಸ ಹೊಲಿಯುತ್ತ ಬಂದವಳು. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಸೋಮವಾರ, ಗುರುವಾರ ಹಾವೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದವಳಿಗೆ ಕಾಲಲ್ಲಿ ಬಲವಿರುವುದಿಲ್ಲ. ಒಂದು ಸಲ ಬಸ್ಸಿನಲ್ಲಿ ನಿಂತೇ ಬಂದು ಬ್ಯಾಡಗಿ ನಿಲ್ದಾಣದಲ್ಲಿ ಕುಸಿದು ಬಿದ್ದಿದ್ದಳು. ಮರುವಾರದಿಂದ ಪುಷ್ಪಲತಾ ಕಾರು ತೆಗೆದಳು. ಎರಡು ವರ್ಷವಾಯಿತು. ನಾಳೆ ಗುರುವಾರ.

ಸಂಜೆ ಅವಳು ಆ ನಂಬರಿಗೆ ಕರೆ ಮಾಡಿದಳು. ಗಂಡ ಶಶಿಕಾಂತ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಅವನಿಗೂ ಅವಳು, "ಹನಿ ಬರ್ದುಕೊಟ್ಟಾರ," ಎಂದಷ್ಟೇ ಹೇಳಿದ್ದಳು. ಆ ಅಂಕಿ ಒತ್ತಿ, ಈ ಅಂಕಿ ಒತ್ತಿ, ಕೊನೆಗೆ ಒಬ್ಬ ಹುಡುಗಿಯ ದನಿ ಬಂತು.

"ಕಾರ್ಡ್ ಕ್ಲೋಸ್ ಮಾಡೋದಕ್ಕೆ ಕಾರಣ ಏನು ಅಂತ ತಿಳ್ಕೋಬಹುದಾ ಮೇಡಂ?"

ಇದನ್ನು ಕೇಳುತ್ತಾರೆಂದು ಪುಷ್ಪಲತಾ ಎಣಿಸಿರಲಿಲ್ಲ. ಪೇಪರಿನ ಮೇಲಿಂದ ಶಶಿಕಾಂತ ಅವಳನ್ನೇ ನೋಡುತ್ತಿದ್ದ. "ಅದು... ಫೀ ಭಾಳ ಆತವಾ," ಎಂದಳು.

"ಒಂದು ನಿಮಿಷ ಲೈನ್‌ನಲ್ಲಿರಿ ಮೇಡಂ." ಸಂಗೀತ ಬಂತು, ಹೋಯಿತು. "ಮೇಡಂ, ನೀವು ನಮ್ಮ ಹಳೆ ಗ್ರಾಹಕರು. ಈ ವರ್ಷದ ಫೀ ಪೂರ್ತಿ ಮನ್ನಾ ಮಾಡಿದ್ದೀವಿ. ಜೊತೆಗೆ ಐನೂರು ಪಾಯಿಂಟ್ ಕೂಡ ಕೊಡ್ತಿದ್ದೀವಿ. ಕಾರ್ಡ್ ಮುಂದುವರಿಸ್ತೀರಲ್ವಾ?"

"ಹೂಂ," ಎಂದಳು ಪುಷ್ಪಲತಾ.

"ಅಬ್ಬಾ, ಭಾರೀ ಶ್ಯಾಣ್ಯಾಕಿ ಆದಿ ನೋಡು!" ಶಶಿಕಾಂತ ತೊಡೆ ತಟ್ಟಿ ನಕ್ಕ. "ಒಂದ ಮಾತಿನಾಗ ಫೀ ಮನ್ನಾ ಮಾಡಿಸಿದ್ಯಲ್ಲ! ಸಂತ್ಯಾಗ ಬದ್ನಿಕಾಯಿ ತರಾಕ ನಾಳಿಂದ ನಿನ್ನ ಕಳಸ್ತೇನಿ."

ಅವಳೂ ನಕ್ಕಳು. ಎದೆಯ ಮೇಲಿನ ಕಲ್ಲು ಸರಿದಂತೆ ಹಗುರವಾಗಿತ್ತು. ಹಗುರವಾದದ್ದಕ್ಕೇ ಆಮೇಲೆ ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಳು.

ಬೆಳಿಗ್ಗೆ ಏಳೂವರೆಗೆ ಮುಮ್ತಾಜಬಿ ಬಂದು ಕಾರಿನಲ್ಲಿ ಕೂತಳು. ಮುಖ ಊದಿತ್ತು. ಮಡಿಲಲ್ಲಿ ಎಂದಿನ ಬಟ್ಟೆಯ ಚೀಲ, ಅದರೊಳಗೆ ಡಬ್ಬಿ. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವ ಅಕ್ಕೋರಿಗೆ ಮಧ್ಯಾಹ್ನದ ಊಟ ಅವಳೇ ತರುತ್ತಿದ್ದಳು. ಇದಕ್ಕೆಂದೇ ಅವಳ ಮನೆಯಲ್ಲಿ ಮಾಂಸ ಮುಟ್ಟಿಸದ ಒಂದು ಬೇರೆ ಬೋಗುಣಿ ಇತ್ತು. ಇಡು ಎಂದು ಯಾರೂ ಹೇಳಿರಲಿಲ್ಲ. ತಾನು ಉಪ್ಪು ಬಿಟ್ಟವಳು, ರುಚಿ ನೋಡುವ ಹಾಗಿಲ್ಲ. ಆದರೂ ಪಲ್ಯಕ್ಕೆ ಉಪ್ಪು ಒಮ್ಮೆಯೂ ಹೆಚ್ಚುಕಡಿಮೆ ಆಗಿದ್ದಿಲ್ಲ.

ಕಾರು ಹೊರಟಿತು. ಮುಮ್ತಾಜಬಿಯ ಮಾತೂ ಹೊರಟಿತು.

"ನೋಡ್ರಿ ಅಕ್ಕೋರ, ಎಡಕ ಮೆಣಸಿನಕಾಯಿ ಲಾರಿ ನಿಂತೈತಿ, ಅರ್ಧ ರೋಡ ಅದರದ... ಅಯ್ಯ, ಈಕಿ ಕೊಡಾ ಹೊತ್ಕೊಂಡ ಹೆಂಗ ಅಡ್ಡ ಬರಾಕತ್ತಾಳ... ಸಾಲಿ ಹುಡುಗ್ಯಾರ ಹೊಂಟಾರ, ಯಾರದೂ ಜಡಿ ನೆಟ್ಟಗಿಲ್ಲ..."

ಕಳೆದ ಕೆಲವು ತಿಂಗಳಿನಿಂದ ಹೀಗೇ. ಕಾಯಿಲೆಯ ಅಂಜಿಕೆ ಮರೆಯಲು ಮಾತಾಡುತ್ತಾಳೆ ಎಂದು ಪುಷ್ಪಲತಾ ತಿಳಿದಿದ್ದಳು. ಒಮ್ಮೊಮ್ಮೆ ಬೇಸರವೂ ಆಗುತ್ತಿತ್ತು.

ಊರು ದಾಟಿದ ಮೇಲೆ ಮಾತು ನಿಧಾನವಾಯಿತು. ಮೋಟೆಬೆನ್ನೂರು ಹತ್ತಿರ ಬರುವ ಹೊತ್ತಿಗೆ ನಿಂತೇ ಹೋಯಿತು. ರಸ್ತೆಯ ಅಂಚು ಖಾಲಿ ಕಂಡಿತು. ಎದುರಿಗೆ ಬಂದ ಟ್ರ್ಯಾಕ್ಟರೊಂದಕ್ಕೆ ದಾರಿ ಕೊಡಲೆಂದು ಪುಷ್ಪಲತಾ ಕಾರನ್ನು ಸ್ವಲ್ಪ ಎಡಕ್ಕೆ ಎಳೆದಳು. ಎಲ್ಲಿಯೂ ಇಲ್ಲದ ಮನುಷ್ಯನೊಬ್ಬ ಒಮ್ಮೆಲೇ ಬಾನೆಟ್ಟಿನ ಮುಂದೆ ಹುಟ್ಟಿಕೊಂಡ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆಡಿನ ಹಗ್ಗ. ಅವಳು ಬ್ರೇಕು ತುಳಿದಳು. ಕಾರು ಕಿರುಚಿ ನಿಂತಿತು. ಆಡು ಪಕ್ಕದ ತಗ್ಗಿಗೆ ಜಿಗಿಯಿತು.

"ಏ ಯಕ್ಕಾ, ಕಣ್ಣ ಮನ್ಯಾಗ ಇಟ್ಟ ಬಂದೀಯೇನ?" ಮುದುಕ ಬಾನೆಟ್ಟಿಗೆ ಅಂಗೈಯಿಂದ ಬಡಿದ. "ನಾ ಕಾಣ್ಲಿಲ್ಲಂದ್ರ ಬಿಡು, ಕರೀ ಆಡರ ಕಾಣಬಾರದ?" ಕಿಟಕಿಯ ಹತ್ತಿರ ಬಂದು ಇಣುಕಿದವನು ಅವಳ ಬಿಳಿಯ ತಲೆ ನೋಡಿ ದನಿ ಇಳಿಸಿದ. "ನನಗೇನ ಆಗಿಲ್ಲವಾ. ಮದ್ಲ ನೀರ ಕುಡಿ ನೀನು." ಆಡನ್ನು ಮೇಲಕ್ಕೆಳೆದು, ಮೈ ಸವರಿ, ನಡೆದುಹೋದ.

ಮುಮ್ತಾಜಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. "ಯಾ ಅಲ್ಲಾ... ತಪ್ಪ ನಂದ್ರಿ ಅಕ್ಕೋರ. ನಾ ಕಣ್ಣ ಮುಚ್ಚಬಾರದಿತ್ತು. ರಾತ್ರಿ ಉಸರ ಹಿಡಕೊಂಡ ನಿದ್ದಿ ಆಗಿದ್ದಿಲ್ಲ, ಜೋಂಪ ಹತ್ತಿಬಿಡ್ತು."

ಪುಷ್ಪಲತಾ ಗಾಡಿ ಆಫ್ ಮಾಡಿದಳು. ಕಾರು ನಡೆಸುವವಳು ತಾನು. ನಿದ್ದೆ ಮಾಡಿದವಳು ತಪ್ಪು ತನ್ನದು ಅನ್ನುತ್ತಿದ್ದಾಳೆ. ಲಾರಿ, ಕೊಡ ಹೊತ್ತವಳು, ಜಡೆಯ ಹುಡುಗಿಯರು, ಎಲ್ಲರೂ ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಎಲ್ಲರೂ ಎಡಗಡೆಯವರು.

"ಯಾವಾಗಿಂದ ಗೊತ್ತೈತಿ ನಿನಗ?" ಎಂದಳು.

ಮುಮ್ತಾಜಬಿ ಚೀಲದ ಹಿಡಿಕೆಯ ದಾರ ಎಳೆಯುತ್ತ ಕೂತಳು. "ಯುಗಾದಿ ಮುಂದ್ರಿ. ಎಡಕ ನಿಂತು ಚಾ ಹಿಡದಿದ್ದೆ, ನೀವು ನೋಡ್ಲೇ ಇಲ್ಲ."

"ಮತ್ತ ಒಂದ ಮಾತ ಹೇಳಬಾರದಿತ್ತ?"

"ಹೇಳಿದ್ರ ನೀವು ಗಾಡಿ ಬಿಡ್ತಿದ್ರಿ. ಮಷೀನಿಂದ ಎದ್ದ ಬಸ್ಸಿನಾಗ ನಿಂತ ಬರೂದಂದ್ರ ನನಗ ಅಂಜಿಕೀರಿ. ನನ್ನ ಆಸೇಕ್ಕ ಬಾಯಿ ಮುಚಗೊಂಡೆ. ಮತ್ತ ಎಡಗಡೀದಷ್ಟ ನಾ ನೋಡ್ತೇನಿ, ನಡೀತೈತಿ ಅನಕೊಂಡೆ. ಆ ಮುದುಕಪ್ಪಗ ಏನರ ಆಗಿದ್ರ..."

"ನಿನ್ನೆ ಡಾಕ್ಟರೂ ಹೇಳ್ಯಾರ ನನಗ, ಗಾಡಿ ಬಿಡಂತ," ಎಂದಳು ಪುಷ್ಪಲತಾ. "ಹೇಳಿಸ್ಕೊಂಡ ಅಲ್ಲಿಂದ ಗಾಡಿ ಹೊಡಕೊಂಡ ಮನಿಗಿ ಬಂದೇನಿ. ನಿಂದೊಬ್ಬಾಕೀದ ಅಲ್ಲ ತಪ್ಪು."

ಬಂಕು ಅಲ್ಲಿಂದಲೇ ಕಾಣುತ್ತಿತ್ತು. ನಡೆಯುವವರಿಗಿಂತ ನಿಧಾನವಾಗಿ ಕಾರು ಹೊರಟಿತು. ಮುಮ್ತಾಜಬಿ ಈಗ ಯಾವ ನೆವವನ್ನೂ ಹುಡುಕಲಿಲ್ಲ. ಬಸ್ಸಿನ ಕಂಡಕ್ಟರಿನಂತೆ ಕತ್ತು ಹೊರಗೆ ಹಾಕಿ, "ಖಾಲಿ ಐತಿ, ಬರ್ರಿ... ಬರ್ರಿ... ಸೈಕಲ್ ಐತಿ, ನಿಂದರ್ರಿ... ಹೋತು, ಬರ್ರಿ," ಎನ್ನುತ್ತಿದ್ದಳು.

ಗಾಳಿ ತುಂಬುವ ಜಾಗದ ಹಿಂದೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಪುಷ್ಪಲತಾ ಫೋನು ತೆಗೆದಳು. ಈ ಸಲ ಒಬ್ಬ ಹುಡುಗ ಸಿಕ್ಕ.

"ನಿನ್ನೆ ತಾನೇ ಫೀ ಮನ್ನಾ ಆಗಿದೆಯಲ್ಲ ಮೇಡಂ? ಮತ್ತೆ ಯಾಕೆ ಕ್ಲೋಸ್ ಮಾಡ್ತಿದ್ದೀರಿ?"

"ನಿನ್ನೆ ನಾ ಖರೇ ಹೇಳಿದ್ದಿಲ್ಲಪಾ. ಎಡಗಡಿ ನನಗ ಕಾಣೂದಿಲ್ಲ. ನಿನ್ನೆ ಅದನ್ನ ಹೇಳಾಕ ಆಗ್ಲಿಲ್ಲ. ಇನ್ನ ನಾ ಗಾಡಿ ಹೊಡ್ಯೂದಿಲ್ಲ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಮೇಡಂ, ಆ ಕಾರಣ ನನ್ನ ಪಟ್ಟಿಯಲ್ಲಿ ಇಲ್ಲ. ಇತರೆ ಅಂತ ಹಾಕ್ತೀನಿ." ದನಿ ತಗ್ಗಿಸಿ ಅವನು ಬೇರೆಯೇ ಮಾತಿಗೆ ಬಂದ. "ನಮ್ಮವ್ವಗೂ ಹಿಂಗ ಆಗೈತ್ರಿ. ಹನಿ ಒಂದ ತಪ್ಪಸಬ್ಯಾಡ್ರಿ." ಮತ್ತೆ ಮೊದಲಿನ ದನಿಗೆ ಮರಳಿ, ಕಾರ್ಡನ್ನು ಅದರ ಚಿಪ್ ತುಂಡಾಗುವಂತೆ ಕತ್ತರಿಸಿ ಹಾಕಬೇಕು, ಕರೆ ಮಾಡಿದ್ದಕ್ಕೆ ಧನ್ಯವಾದ ಎಂದ.

ಕೇಳುವ ಮೊದಲೇ ಮುಮ್ತಾಜಬಿ ಚೀಲದೊಳಗಿನ ದಾರದ ಕತ್ತರಿ ತೆಗೆದು ಚಾಚಿದಳು. ಕಾರ್ಡು ಗಟ್ಟಿಯಿತ್ತು. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಪುಷ್ಪಲತಾಳ ಹೆಸರು ನಡುವೆ ತುಂಡಾಯಿತು.

"ಐನೂರು ಪಾಯಿಂಟ್ ಹೋದುವಲ್ರಿ ಅಕ್ಕೋರ," ಎಂದಳು ಮುಮ್ತಾಜಬಿ. ಇಬ್ಬರಿಗೂ ನಗು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ.

ಗುಡದಪ್ಪ ಕಾರಿನ ಕೀಲಿ ಇಸಿದುಕೊಂಡ. "ನೆರಳಾಗ ಐತಿ, ಇರ್ಲಿ ಬಿಡ್ರಿ. ಡ್ಯೂಟಿ ಮುಗದ ಮ್ಯಾಲ ನಾನ ತಂದ ಮನೀ ಮುಂದ ನಿಲ್ಲಸ್ತೇನಿ," ಎಂದು ಅವರಿಬ್ಬರನ್ನೂ ರಸ್ತೆ ದಾಟಿಸಿ ಬಂದ.

ಕ್ರಾಸಿನ ತಂಗುದಾಣದಲ್ಲಿ ಕಲ್ಲಿನ ಬೆಂಚು ಖಾಲಿ ಇತ್ತು. ಹಾವೇರಿ ಬಸ್ಸು ಇನ್ನೂ ಬಂದಿರಲಿಲ್ಲ. ಹೆದ್ದಾರಿಯ ಲಾರಿಗಳು ಸದ್ದಾಗಿ ಹತ್ತಿರ ಬಂದು, ಬಲಗಡೆಗೆ ದಾಟಿದ ಮೇಲಷ್ಟೇ ಅವಳಿಗೆ ಲಾರಿಗಳಾಗಿ ಕಾಣುತ್ತಿದ್ದವು. ಮುಮ್ತಾಜಬಿ ರೂಢಿಯಂತೆ ಅವಳ ಎಡಕ್ಕೆ ಕೂತಿದ್ದಳು. ಕೂತಿದ್ದಾಳೆಂಬುದು ಏದುಸಿರಿನಿಂದ ಗೊತ್ತಾಗುತ್ತಿತ್ತು.

"ಇವತ್ತೇನೋ ಆತು," ಎಂದಿತು ಎಡಗಡೆಯ ದನಿ. "ಸೋಮವಾರ ನಾ ಒಬ್ಬಾಕೀನ ಹೊಕ್ಕೇನ್ರಿ. ಬಸ್ಸಿನಾಗ ಯಾರರ ಸೀಟ ಕೊಡ್ತಾರ."

"ಕೊಡದಿದ್ರ ನಾ ಜಗಳಾಡಿ ಇಸಗೊಂಡ ಕೊಡ್ತೇನಿ. ಮೂವತ್ತ ವರ್ಷ ಹುಡುಗರನ್ನ ಬೆಂಚಿನ ಮ್ಯಾಲಿಂದ ಎಬ್ಬಿಸಿ ನಿಲ್ಲಿಸೇನಿ."

"ನೀವ್ಯಾಕ ಬರ್ತೀರಿ? ಈ ಕಣ್ಣಿಟ್ಕೊಂಡು?"

"ನಾ ಬರ್ಲಿಲ್ಲಂದ್ರ ಡಬ್ಬಿ ಯಾರ ತಿನ್ನವರು?"

ಬಳೆಯ ಸದ್ದಾಯಿತು. ಮುಮ್ತಾಜಬಿ ಬೆಂಚಿಗೆ ಕೈಯೂರಿ ಎದ್ದಳು. ಊದಿದ ಪಾದಗಳನ್ನು ಎಳೆಯುತ್ತ ಪುಷ್ಪಲತಾಳ ಮುಂದೆ ಹಾಯ್ದು ಬಲಗಡೆಗೆ ಬಂದಳು, ಸೆರಗು ಸರಿಮಾಡಿಕೊಂಡು ಕೂತಳು. ಬೆಳಿಗ್ಗೆ ಅಕ್ಕೋರು ಏನೂ ತಿಂದಿಲ್ಲ ಎಂಬುದನ್ನು ಅದು ಹೇಗೆ ತಿಳಿದಳೋ, ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಸಡಿಲಿಸಿ, ಇನ್ನೂ ಬಿಸಿಯಿದ್ದ ಅದನ್ನು ಅವಳ ಕೈಯಲ್ಲಿಟ್ಟಳು.