ಅಳತೆ ಪುಸ್ತಕ

ಸೂಜಿ ಮತ್ತೆ ಮುರಿಯಿತು, ಬೆಳಗಿನಿಂದ ಇದು ಎರಡನೆಯದು, ದಪ್ಪ ಬಟ್ಟೆಗೆ ಸಣ್ಣ ಸೂಜಿ ಹಾಕಿ ಓಡಿಸಿದರೆ ಇನ್ನೇನಾದೀತು, ಇಷ್ಟು ವರ್ಷ ಮಿಷನ್ ತುಳಿದವಳು ಮಾಡುವ ಕೆಲಸವೇ ಇದು, ಆದರೆ ಗಮನ ಇಲ್ಲಿದ್ದರೆ ತಾನೆ — ಗಮನವೆಲ್ಲ ಮೇಜಿನ ಖಾನೆಯಲ್ಲಿರುವ ಅಳತೆ ಪುಸ್ತಕದ ಮೇಲಿದೆ, ನರ್ಸಮ್ಮ ಬಂದು ಅದನ್ನು ಕೇಳಿ ಹೋದಾಗಿನಿಂದ. ತಪ್ಪು ಯಾರದು, ಅವಳದೇ, ಬಾಯಿ ಸುಮ್ಮನಿರಬೇಕಿತ್ತು. ಈ ಕೆಮ್ಮಿನ ಕಾಯಿಲೆ ಹಬ್ಬಲು ಶುರುವಾದಾಗ ಆರೋಗ್ಯ ಆಫೀಸಿನವರು ಬಂದು ಬಾಗಿಲು ಬಡಿದರೆ ಈ ಗಲ್ಲಿಯಲ್ಲಿ ಒಬ್ಬರೂ ತೆಗೆಯಲಿಲ್ಲ, ಹೊರಗಿನಿಂದ ದುಡಿಯಲು ಬಂದವರಿಗೆ ಸಮವಸ್ತ್ರ ಕಂಡರೆ ಭಯ, ಒಳಗಿನಿಂದ ಚಿಲಕ ಹಾಕಿಕೊಂಡುಬಿಡುತ್ತಿದ್ದರು. ಆಮೇಲೆ ಯಾರೋ ಹೇಳಿದರು, ಆ ಟೈಲರಮ್ಮನನ್ನು ಕರೆದುಕೊಂಡು ಹೋಗಿ, ಅವಳಿಗೆ ಎರಡೂ ಕಡೆಯ ಮಾತು ಬರುತ್ತದೆ. ನಾನೇ, ಬಾಗಿಲು ತೆಗೀರಿ, ಎಂದು ಇವಳು ಅಂದರೆ ಸಾಕಿತ್ತು. ಕೆಮ್ಮಿದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ನರ್ಸಮ್ಮ ಕೇಳಿದ್ದನ್ನು ಇವಳು ತಮ್ಮವರ ಮಾತಿಗೆ ತಿರುಗಿಸಬೇಕು, ಅವರ ಇಲ್ಲ ಇಲ್ಲ ಇಲ್ಲವನ್ನು ಮತ್ತೆ ಆ ಕಡೆಗೆ ದಾಟಿಸಬೇಕು, ಮೂರು ಕಟ್ಟಡ ಹತ್ತಿಳಿದರೂ ಬರೀ ಇಲ್ಲ. ನಿಮ್ಮವರೆಲ್ಲ ಕಲ್ಲುಗುಂಡು ಕಣಮ್ಮ, ಎಂದು ನರ್ಸಮ್ಮ ನಕ್ಕಿದ್ದಳು. ಗಲ್ಲಿಯ ವೆಲ್ಡಿಂಗ್ ಕೆಲಸದವನೂ ಮೂರು ಸಲ ಇಲ್ಲ ಅಂದ, ಇವಳು ಮೂರು ಸಲ ಇಲ್ಲ ಎಂದು ಬರೆಸಿದಳು, ಅದಕ್ಕೂ ಒಂದು ತಿಂಗಳ ಹಿಂದೆ ಅವನ ಪ್ಯಾಂಟಿನ ಸೊಂಟವನ್ನು ಮೂವತ್ತೆಂಟು ಇಂಚಿನಿಂದ ಮೂವತ್ತನಾಲ್ಕಕ್ಕೆ ತನ್ನ ಕೈಯಾರೆ ಹಿಡಿದು ಹೊಲಿದಿದ್ದಳಲ್ಲ, ಅದು ನೆನಪಿಗೇ ಬರಲಿಲ್ಲ, ಅದು ಅಂಗಡಿಯ ಲೆಕ್ಕ, ಇದು ಆಫೀಸಿನ ಲೆಕ್ಕ. ಅಕ್ಕ ಊಟ ಹಾಕ್ತಿಲ್ವಾ ಭಾವ, ಎಂದು ಆಗ ಇವಳ ತಮಾಷೆ ಬೇರೆ. ಈಗ ಆಸ್ಪತ್ರೆಯಲ್ಲಿ ಅವನ ಮೂಗಿಗೆ ನಳಿಗೆ ಹಾಕಿದ್ದಾರೆ.

ಇದನ್ನೇ ನೊಂದುಕೊಂಡು ನರ್ಸಮ್ಮನ ಮುಂದೆ ಹೇಳಿದಳು, ಅಷ್ಟೇ, ನರ್ಸಮ್ಮ ಪೆನ್ನು ಕೆಳಗಿಟ್ಟಳು. ಹಾಗಾದ್ರೆ ಯಾರ್ಯಾರು ಇಳಿದುಹೋಗಿದಾರೆ ಅಂತ ನಿಮ್ಮ ಪುಸ್ತಕದಲ್ಲೇ ಇದೆಯಲ್ವಾ, ಒಂದು ದಿನಕ್ಕೆ ಕೊಡಿ, ಬೇಗ ಸಿಕ್ಕಿದ್ರೆ ಬರೀ ಮಾತ್ರೆಯಲ್ಲಿ ವಾಸಿಯಾಗುತ್ತೆ, ನಿಮಗೇ ಗೊತ್ತು. ಗೊತ್ತು. ಕೊಟ್ಟರೆ ಏನಾಗುತ್ತದೆ ಅನ್ನುವುದೂ ಗೊತ್ತು, ಹೆಸರು ಆಫೀಸಿಗೆ ಹೋಗುತ್ತದೆ, ಬಾಗಿಲ ಮುಂದೆ ವ್ಯಾನು ನಿಲ್ಲುತ್ತದೆ, ಮೇಸ್ತ್ರಿ ಮಾರನೇ ದಿನವೇ ನೀನು ಬರಬೇಡ ಅನ್ನುತ್ತಾನೆ, ಆಮೇಲೆ ಇವಳು ಎಷ್ಟು ಬಡಿದರೂ ಗಲ್ಲಿಯ ಒಂದು ಚಿಲಕವೂ ಸರಿಯುವುದಿಲ್ಲ. ಕೊಡದಿದ್ದರೆ ಇನ್ನೊಂದು ಮೂಗು, ಇನ್ನೊಂದು ನಳಿಗೆ. ಗಲ್ಲಿಯವರ ಪಾಲಿಗೆ ಇವಳು ಆಫೀಸಿನವಳು, ಆಫೀಸಿನವರ ಪಾಲಿಗೆ ಗಲ್ಲಿಯವಳು, ಮಧ್ಯೆ ನಿಂತು ಕಾಲು ನೋಯುತ್ತದೆ, ಕೂತುಕೋ ಅನ್ನುವವರಿಲ್ಲ. ಪುಸ್ತಕ ಕೊಡಲ್ಲ, ನಾನೇ ಒಬ್ಬೊಬ್ಬರನ್ನ ಕರ್ಕೊಂಡು ಬರ್ತೀನಿ, ಅಂದಿದ್ದಾಳೆ, ಅಂದಾಗ ಧೈರ್ಯವಿತ್ತು. ಅರ್ಧ ಶಟರ್ ಎಳೆದು ಪುಟ ತಿರುವಿದರೆ ಬಟ್ಟೆ ಹಿಡಿಸಿ ಸಣ್ಣದು ಮಾಡಿಸಿಕೊಂಡವರು ಒಂಬತ್ತು ಜನ, ಒಂಬತ್ತು ಮನೆಗೂ ಹೋದಳು, ಪುಸ್ತಕದ ಮಾತೆತ್ತದೆ ಪರೀಕ್ಷೆಗೆ ಬನ್ನಿ ಎಂದು ಕೇಳಿದಳು, ಒಂಬತ್ತು ಮನೆಯಲ್ಲೂ ಒಂದೇ ಉತ್ತರ, ನಿಮ್ಮಣ್ಣ ಮುಂದೆ ನಿಂತ್ರೆ ನಾವೂ ಬರ್ತೀವಿ ನೋಡು. ಬರುತ್ತಾರೆ, ಯಾಕೆ ಬರುವುದಿಲ್ಲ, ಇವರಿಗೆಲ್ಲ ಕೆಲಸ ಕೊಡಿಸಿದವನು, ರೂಮು ಹುಡುಕಿಕೊಟ್ಟವನು, ಇವಳನ್ನೇ ಒಂದು ಟ್ರಂಕಿನ ಜೊತೆ ಬಸ್ಸಿನಿಂದ ಇಳಿಸಿಕೊಂಡವನು ಅವನು. ಅವನ ಪುಟವನ್ನೂ ಸುಮ್ಮನೆ ತೆಗೆದು ನೋಡಿದಳು — ಕೊನೆಯ ಅಳತೆ ಹೋದ ವರ್ಷದ್ದು, ಆಮೇಲೆ ಒಂದು ಗುಂಡಿ ಹಾಕಿಸಿಕೊಳ್ಳಲೂ ಬಂದಿಲ್ಲ. ರೆಡಿಮೇಡ್ ಹಾಕುತ್ತಾನೆ ಈಗ, ದೊಡ್ಡ ಮನುಷ್ಯ, ತಂಗಿಯ ಹೊಲಿಗೆ ಒಗ್ಗುವುದಿಲ್ಲ, ಈ ನೋವನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಅಣ್ಣನ ರೂಮಿನಲ್ಲಿ ಕಿಟಕಿ ಮುಚ್ಚಿದೆ, ಇಷ್ಟು ಸೆಕೆಯಲ್ಲಿ ಶರ್ಟಿನ ಮೇಲೊಂದು ಶರ್ಟು ಹಾಕಿದ್ದಾನೆ, ಕೂತ್ಕೋ, ಟೀ ಮಾಡ್ತೀನಿ, ಅಂದ. ಅಣ್ಣ, ನಾಳೆ ನೀನು ಮೊದಲು ಬಂದು ಕಫ ಕೊಡು, ನಿನ್ನ ಹಿಂದೆ ಒಂಬತ್ತು ಜನ ಬರ್ತಾರೆ. ನಂಗೇನಾಗಿದೆ ಅಂತ ಬರ್ಲಿ ಕಣೇ, ಅಂದ ಅವನು, ಮೇಲಿನ ಗೂಡಿನ ಸಕ್ಕರೆ ಡಬ್ಬಿಗೆ ಕೈ ಎತ್ತಿದ, ಎರಡೂ ಶರ್ಟು ಒಟ್ಟಿಗೆ ಮೇಲೆ ಸರಿದವು, ಬೆಲ್ಟು ಕಂಡಿತು. ಕಂಪನಿಯವರು ಹೊಡೆದ ತೂತು ಐದು, ಒಂದೇ ಅಳತೆ, ಸುತ್ತ ಹಿತ್ತಾಳೆ ಬಳೆ. ಅವುಗಳ ಆಚೆಗೆ ಇನ್ನೊಂದು, ಇನ್ನೂ ಬಿಗಿಯಲೆಂದು ಮೊಳೆಯಲ್ಲಿ ಹೊಡೆದದ್ದು. ಬಿಸಿಲಿಗೆ ಬಟ್ಟೆ ಹಾಕಿದ್ದಳು, ಹೋಗಿ ತೆಗೆಯಬೇಕು, ಟೀ ಕುದಿಯುತ್ತಿದೆ, ವೆಲ್ಡಿಂಗಿನವನ ಹೆಂಡತಿಗೆ ಸಂಜೆ ಬರುತ್ತೇನೆ ಅಂದಿದ್ದಳು, ಮೊಳೆಯ ತೂತು. ಮುನಿಸಲ್ಲ, ದೊಡ್ಡಸ್ತಿಕೆಯೂ ಅಲ್ಲ, ಇಷ್ಟು ದೊಡ್ಡ ಊರಿನಲ್ಲಿ ಒಬ್ಬಳ ಟೇಪಿಗೆ ಸಿಗಬಾರದೆಂದು ತಪ್ಪಿಸಿಕೊಂಡು ತಿರುಗಿದ್ದಾನೆ, ತನ್ನ ತಂಗಿಯ ಟೇಪಿಗೆ. ಸಕ್ಕರೆ ಎಷ್ಟು ಹಾಕ್ಲಿ, ಅನ್ನುತ್ತಿದ್ದಾನೆ, ಶರ್ಟನ್ನು ಕೆಳಗೆ ಜಗ್ಗುತ್ತಿದ್ದಾನೆ, ಅವಳು ಹೇಳಬೇಕು, ಏನಾದರೂ ಹೇಳಬೇಕು, ಎರಡು ಭಾಷೆ ಬರುತ್ತದೆ ಅವಳಿಗೆ — ಮೊಳೆಯ ತೂತು, ಅದರಾಚೆಗೆ ಇನ್ನೊಂದು, ಅಂಚು ಹರಿದದ್ದು, ಅದರಾಚೆಗೆ ಇನ್ನೊಂದು, ಹೊಸದು.