ಅಬ್ಬಾಗೆ ಗಂಟಲು ಕಟ್ಟೈತೆ

ಹಾರ್ನ್ ಕೇಳಿಸಿತು, ಅಲ್ಲ, ಅದು ಗ್ಯಾಸಿನವನ ಆಟೊ, ಮುಜೀಬನ ಕಾರು ಇಷ್ಟು ಬೇಗ ಬರಲಾರದು, ಬಿಡದಿ ದಾಟಿದ್ವಿ ಭಾಬಿ ಎಂದು ಈಗ ತಾನೇ ಫೋನಿನಲ್ಲಿ ಹೇಳಿದನಲ್ಲ, ಅವನ ಹಿಂದೆ ನಿಖಾತಳ ನಗು ಕೇಳಿಸಿತಲ್ಲ — ಮಗಳು ನಗುತ್ತಿದ್ದಾಳೆ ಎಂದರೆ ಮುಜೀಬ್ ಇನ್ನೂ ಹೇಳಿಲ್ಲ, ಹೇಳಬೇಡ ಎಂದವಳು ತಾನೇ, ಅವಳಪ್ಪ ಹೋದದ್ದನ್ನು ಅವಳು ನನ್ನ ಬಾಯಿಂದಲೇ ಕೇಳಲಿ ಎಂದು ಕೆಹಕಶಾನ್ ಮೈದುನನಿಂದ ಮಾತು ತೆಗೆದುಕೊಂಡಿದ್ದಳು, ತೆಗೆದುಕೊಳ್ಳುವಾಗ ಧೈರ್ಯವಿತ್ತು, ಈಗಿಲ್ಲ. ಏರ್‌ಪೋರ್ಟಿಗೆ ತಾನೇ ಹೋಗಬೇಕಿತ್ತು, ಹೋಗುವಂತಿಲ್ಲ, ಗಂಡನನ್ನು ಕಳೆದುಕೊಂಡವಳು ಇದ್ದತ್ ಮುಗಿಯುವ ತನಕ ಹೊಸ್ತಿಲು ದಾಟುವಂತಿಲ್ಲ, ಕಿಟಕಿಯ ಪರದೆಯ ಅಂಚು ಹಿಡಿದು ನಿಲ್ಲಬಹುದು, ಅಷ್ಟೇ. ಅಡುಗೆಮನೆಯಲ್ಲಿ ಅತ್ತೆ ಅಕ್ಬರಿ ಬೇಗಂ ಮೊಮ್ಮಗಳಿಗೆಂದು ಖೀಮಾ ಹುರಿಯುತ್ತಿದ್ದಾರೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಈರುಳ್ಳಿ ಹೆಚ್ಚಿ ಎಷ್ಟೋ ಹೊತ್ತಾಯಿತು. ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯಂತ್ರ ಗರಗರ ತಿರುಗುತ್ತಿದೆ, ಬೀದಿಗೆಲ್ಲ ಬೆಂದ ಗೂಡಿನ ವಾಸನೆ, ರಾಮನಗರಕ್ಕೆ ಮದುವೆಯಾಗಿ ಬಂದ ಹೊಸದರಲ್ಲಿ ಈ ವಾಸನೆಗೆ ಅನ್ನ ಸೇರುತ್ತಿರಲಿಲ್ಲ, ಗಂಡ ಸನಾವುಲ್ಲಾ ನಗುತ್ತಿದ್ದ, ಒಸಿ ದಿನ ತಡ್ಕೊ, ಆಮೇಲೆ ಈ ವಾಸನೆ ಇಲ್ದಿದ್ರೆ ನಿದ್ದೆ ಬರಾಕಿಲ್ಲ ನೋಡು — ನಿಜ, ಈಗ ನಿದ್ದೆ ಬರುತ್ತಿಲ್ಲ.

ನಿಖಾತಳನ್ನು ಹೈಸ್ಕೂಲಿನ ಸೌಮ್ಯಶ್ರೀ ಟೀಚರ್ ಆರಿಸದಿದ್ದರೆ, ಜಪಾನಿಗೆ ಹೋಗುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾರಂತೆ, ಅಲ್ಲಿಯ ಬೇಸಿಗೆಯಲ್ಲಿ ಅಲ್ಲಿಯವರ ಮನೆಯಲ್ಲೇ ಇದ್ದು ಅವರದನ್ನು ಕಲಿತು ನಮ್ಮದನ್ನು ಕಲಿಸಿ ಬರಬೇಕಂತೆ ಎಂದು ಆ ಟೀಚರ್ ಈ ಬಾಗಿಲಿಗೆ ಬಂದು ಹೇಳದೇ ಹೋಗಿದ್ದರೆ — ಹಾಗೆ ಯೋಚಿಸಬಾರದು, ಮಗಳು ಇಲ್ಲೇ ಇದ್ದಿದ್ದರೂ ಅವನ ಎದೆ ನಿಲ್ಲುವ ಹೊತ್ತಿಗೆ ನಿಲ್ಲುತ್ತಿತ್ತು. ಬೆಂಗಳೂರಿನ ಸಂದರ್ಶನಕ್ಕೆ ಅವನೇ ಕರೆದುಕೊಂಡು ಹೋಗಿದ್ದ, ಬಿಸಿನೀರಿನಲ್ಲಿ ನೆಂದೂ ನೆಂದೂ ಬೆಳ್ಳಗೆ ಸುಕ್ಕಾದ ಬೆರಳುಗಳನ್ನು ದೊಡ್ಡವರು ನೋಡದಿರಲಿ ಎಂದು ಕಂಕುಳಲ್ಲಿಟ್ಟುಕೊಂಡು ಕಾರಿಡಾರಿನಲ್ಲಿ ಕೂತಿದ್ದನಂತೆ, ಒಳಗೆ ಅವರು, ಅಲ್ಲಿಗೆ ಹೋದರೆ ಏನು ತೋರಿಸುತ್ತೀಯಮ್ಮ ಎಂದರೆ ಮಗಳು, ಕುದಿಯೋ ನೀರಲ್ಲಿ ಗೂಡಿಂದ ಎಳೆ ತುದಿ ಹುಡುಕೋದನ್ನ ತೋರಿಸ್ತೀನಿ, ನಮ್ಮ ಅಬ್ಬಾ ಕಲ್ಸವ್ರೆ, ಬೇಕಿದ್ರೆ ಕರೀತೀನಿ, ಹೊರಗೇ ಕೂತವ್ರೆ ಎಂದುಬಿಟ್ಟಳಂತೆ. ಕರೆದರಂತೆ, ಕುರ್ಚಿ ಕೊಟ್ಟರಂತೆ. ಆ ಕುರ್ಚಿಯ ಕಥೆಯನ್ನು ಅವನು ಗೂಡಿನ ಮಾರುಕಟ್ಟೆಗೆಲ್ಲ ಹೇಳಿಕೊಂಡು ಬಂದ, ಸಾತನೂರಿನಿಂದ ಗೂಡು ತರುವ ಬೈರಪ್ಪನಿಗಂತೂ ಹೇಳಿದ್ದೇ ಹೇಳಿದ್ದು, ಆ ಬೈರಪ್ಪನೇ ಅಲ್ಲವೇ ಅವತ್ತು ಬೆಳಿಗ್ಗೆ ಅವನ ಫೋನು ಕೈಯಲ್ಲಿ ಹಿಡಿದು ಬಂದದ್ದು, ಬಂದು ಬಾಗಿಲ ಕಂಬ ಹಿಡಿದು ಕುಸಿದದ್ದು, ಅಕ್ಕಾ, ಗೂಡು ತೂಕಕ್ಕೆ ಇಕ್ಕಿದ್ದೋ, ಮಗೀನ ಮಾತೇ ಆಡ್ತಿದ್ದ, ಫೋಟೋ ಬಂದೈತೆ ತೋರುಸ್ತೀನಿ ತಡಿ ಬೈರಪ್ಪ ಅಂತ ಜೋಬಿಗೆ ಕೈ ಇಕ್ದ, ಹಂಗೇ ನನ್ನ ಮ್ಯಾಲೆ ಒರಗ್ಬುಟ್ಟ ಕಣಕ್ಕಾ. ಕೆಹಕಶಾನ್ ಫೋನು ತೆಗೆದುಕೊಂಡಳು, ಬೆರಳು ತಾಗಿ ಪರದೆ ಬೆಳಗಿತು, ಅದರಲ್ಲಿ ಮಗಳು ಯಾವುದೋ ಸೇತುವೆಯ ಮೇಲೆ ನಿಂತು ಎರಡು ಬೆರಳು ಎತ್ತಿ ಹಲ್ಲು ಬಿಡುತ್ತಿದ್ದಳು.

ಹೇಳೋಣ ಭಾಬಿ, ಮಗು ಅದು, ಆಮೇಲೆ ನಮ್ಮನ್ನ ಕ್ಷಮಿಸಾಕಿಲ್ಲ ಎಂದ ಮುಜೀಬ್, ಮಣ್ಣು ಕೊಟ್ಟು ಬಂದ ಸಂಜೆ, ಕೈ ಕೂಡ ತೊಳೆಯದೆ. ಹೇಳಿದರೆ ಏನಾಗುತ್ತಿತ್ತು, ಓಡಿ ಬರುತ್ತಿದ್ದಳು, ಬಂದರೂ ಮುಖ ಸಿಗುತ್ತಿತ್ತೇ, ಒಂದು ಗುಡ್ಡೆ ಹಸಿಮಣ್ಣು, ಅಷ್ಟಕ್ಕೆ ಅವನು ಕುರ್ಚಿಯಲ್ಲಿ ಕೂತು ಗಳಿಸಿದ್ದು ಅರ್ಧಕ್ಕೆ ನಿಲ್ಲಬೇಕೇ, ಮುಗಿಸಿಕೊಂಡು ಬರಲಿ ಎಂದಳು ಕೆಹಕಶಾನ್, ಎಲ್ಲರೂ ಅವಳ ಮುಖವನ್ನೇ ನೋಡಿದರು, ಆ ಹೊತ್ತಿನಲ್ಲಿ ಅವಳ ಮಾತನ್ನು ಮೀರುವವರು ಯಾರೂ ಇರಲಿಲ್ಲ. ಸೌಮ್ಯಶ್ರೀ ಟೀಚರ್ ಒಬ್ಬರೇ, ಅಲ್ಲಿ ಅವಳನ್ನ ಇಟ್ಟುಕೊಂಡ ಮನೆಯವರಿಗಾದರೂ ತಿಳಿಸಬೇಕಮ್ಮ ಎಂದು ಹೇಳಿ ಅವರಿಗೆ ತಿಳಿಸಿದರು. ಆಮೇಲೊಂದು ದಿನ ಮಗಳು ಫೋನಿನಲ್ಲಿ, ಅಮ್ಮೀ, ಇಲ್ಲಿ ಈ ಮನೆ ಅಮ್ಮ ನನ್ನ ಸುಮ್‌ಸುಮ್ನೆ ತಬ್ಕೊಂಡ್ರು, ಬಿಡ್ಲೇ ಇಲ್ಲ, ಯಾಕೋ ಏನೋ ಎಂದಳು, ಆ ಹೆಂಗಸಿಗೆ ಒಳ್ಳೆಯದಾಗಲಿ, ಆದರೂ ನನ್ನ ಮಗಳನ್ನು ನಾನು ತಬ್ಬಬೇಕಾದ ಹೊತ್ತಿನಲ್ಲಿ ಹೆಸರು ಕೂಡ ಬಾಯಿಗೆ ಬಾರದ ಯಾರೋ ತಬ್ಬಿದಳು. ಅಬ್ಬಾಗೆ ಕೊಡು ಎಂದು ಮಗಳು ಅಂದಾಗೆಲ್ಲ ಇವಳು, ಶೆಡ್ಡಲ್ಲವ್ರೆ, ಯಂತ್ರದ ಸದ್ದು, ಕೇಳ್ಸಾಕಿಲ್ಲ. ಆಮೇಲೆ, ಅಬ್ಬಾಗೆ ಗಂಟಲು ಕಟ್ಟೈತೆ, ಡಾಕ್ಟ್ರು ಮಾತಾಡ್ಬೇಡಿ ಅಂದವ್ರೆ. ಇಷ್ಟು ದಿನ ಗಂಟಲು ಕಟ್ಟುತ್ತಾ ಅಮ್ಮೀ? ಕಟ್ಟುತ್ತೆ, ಮಳೆಗಾಲ ಅಲ್ವಾ. ಮಗಳು ಅಬ್ಬಾನ ಫೋನಿಗೇ ದನಿ ಕಳಿಸತೊಡಗಿದಳು, ಅಬ್ಬಾ, ನೀವು ಮಾತಾಡ್ಬೇಡಿ, ಸುಮ್ನೆ ಕೇಳಿ — ಇವಳು ಒಂದೊಂದನ್ನೂ ತೆರೆಯುವಳು, ತೆರೆದರೆ ತಾನೇ ಅವಳ ಫೋನಿನಲ್ಲಿ ಗೆರೆ ನೀಲಿಯಾಗುವುದು, ಅಬ್ಬಾ ಕೇಳಿದರೆಂದು ಅಲ್ಲಿ ಅವಳು ನಿದ್ದೆ ಹೋಗುವುದು. ಇಲ್ಲಿ ಹಳೇ ರೇಷ್ಮೆ ಕಾರ್ಖಾನೆ ಐತೆ ಅಬ್ಬಾ, ಮ್ಯೂಸಿಯಂ ಮಾಡವ್ರೆ, ನೀವು ದಿನಾ ಮಾಡೋ ಕೆಲ್ಸನ ಗಾಜಿನ ಆಚೆ ಇಟ್ಟು ಜನ ಟಿಕೆಟ್ ತಗೊಂಡು ನೋಡ್ತಾರೆ, ಒಬ್ಬ ತಾತ ನಂಗೆ ಎಳೆ ತೆಗೀ ನೋಡೋಣ ಅಂದ್ರು, ತೆಗೆದೆ, ಎಲ್ರೂ ಚಪ್ಪಾಳೆ ಹೊಡುದ್ರು, ಅದು ನಿಮ್ಗೆ. ಕೆಹಕಶಾನ್ ಆ ಚಪ್ಪಾಳೆಯನ್ನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೇಳಿದಳು. ವೀಡಿಯೊ ಕರೆ ಬಂದ ಮೊದಲ ಸಲ, ಬರಿಗೈ ಕಂಡೀತು ಎಂದು ಹೆದರಿ, ಇದ್ದತ್‌ಗೆಂದು ತೆಗೆದಿಟ್ಟಿದ್ದ ಗಾಜಿನ ಬಳೆಗಳನ್ನು ಕಪಾಟಿನಿಂದ ಕದ್ದು ತೆಗೆಯುವಾಗ ಹಿಂದೆ ಅತ್ತೆ ನಿಂತಿದ್ದರು, ಬೈಯುತ್ತಾರೆ ಎಂದುಕೊಂಡಳು, ಮಗನನ್ನು ಕಳೆದುಕೊಂಡ ಹೆಂಗಸು, ಬೈಯಲಿ — ಅತ್ತೆ ಬಳೆಗಳನ್ನು ಕಿತ್ತುಕೊಂಡರು, ಕೈಗೆ ಒಸಿ ಸೋಪು ಸವರಿದರು, ಮದುವಣಗಿತ್ತಿಗೆ ತೊಡಿಸಿದ ಹಾಗೆ ಒಂದೊಂದಾಗಿ ತಾವೇ ತೊಡಿಸಿದರು, ನಗ್ತಾ ಮಾತಾಡು ಎಂದರು, ಕರೆ ಮುಗಿದ ಮೇಲೆ ತಾವೇ ಬಿಚ್ಚಿದರು. ಪ್ರತಿ ಸಲವೂ ಹಾಗೆಯೇ. ಇವತ್ತು ಬೇಡ ಎಂದಿದ್ದಾಳೆ, ಇವತ್ತು ಸುಳ್ಳು ಸಾಕು.

ಕಾರಿನ ಬಾಗಿಲು, ಹೌದು, ಇದು ಅದೇ, ಮುಜೀಬನ ಕೆಮ್ಮು, ಚಕ್ರದ ಪೆಟ್ಟಿಗೆ ಕಲ್ಲಿನ ಮೇಲೆ ಕಟಕಟ, ಅಡುಗೆಮನೆಯಲ್ಲಿ ಸೌಟು ನಿಂತಿತು, ಮೊದಲು ಕೂರಿಸಬೇಕು, ನೀರು ಕೊಡಬೇಕು, ಕೈ ಹಿಡಿದುಕೊಂಡು, ಬೇಟೀ, ನಿನ್ನ ಅಬ್ಬಾ — ಎಷ್ಟು ಸಲ ಉರು ಹೊಡೆದಿದ್ದಳು, ಅಷ್ಟರಲ್ಲಿ ಮಗಳು ಒಳಗೇ ಬಂದಾಯಿತು, ಬಿಸಿಲಿಗೆ ಕಪ್ಪಾಗಿದ್ದಾಳೆ, ಕೊರಳಿಗೆ ಬಿದ್ದಳು, ಬಿಟ್ಟಳು, ಅಮ್ಮೀ, ಅಬ್ಬಾ ಎಲ್ಲಿ, ಶೆಡ್ಡಲ್ಲಾ, ನಾನೇ ಹೋಗ್ತೀನಿ, ನೀನು ಕೂಗ್ಬೇಡ. ನಿಲ್ಲು ಎನ್ನಬೇಕಿತ್ತು, ಗಂಟಲು ಕಟ್ಟಿತು, ಇವಳದೇ ಗಂಟಲು, ಹಿಂದೆಯೇ ಓಡಿದಳು, ಅಂಗಳ ದಾಟಿ ಶೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಮಗಳು ಒಳಗೆ ನಿಂತಿದ್ದಳು, ಚರಕದ ಮೇಲೆ ಧೂಳು, ಬಾಣಲೆಯಲ್ಲಿ ನೀರಿಲ್ಲ, ಅದರ ತಳದಲ್ಲಿ ಒಂದು ಗೂಡು ಒಣಗಿ ಅಂಟಿಕೊಂಡಿದೆ. ಮಗಳು ತಿರುಗಿ ತಾಯಿಯ ಮುಖ ನೋಡಿದಳು, ಬಳೆಯಿಲ್ಲದ ಕೈ ನೋಡಿದಳು, ಆಮೇಲೆ ನಿಧಾನವಾಗಿ ಕುಕ್ಕರಗಾಲಲ್ಲಿ ಕೂತು ಜ್ವರ ನೋಡುವವರ ಹಾಗೆ ಒಲೆಯ ಮೇಲೆ ಅಂಗೈ ಇಟ್ಟಳು. ಯಾವತ್ತು ಅಮ್ಮೀ? ಸೇತುವೆ ಮೇಲೆ ನಿಂತು ಫೋಟೋ ಕಳಿಸಿದೆಯಲ್ಲ, ಅವತ್ತು, ನೋಡಿದ್ರು, ನೋಡಿಯೇ ಹೋದ್ರು ಎಂದಳು ಕೆಹಕಶಾನ್, ಕೊನೆಗೂ ಮಾತು ಬಂತು, ಮಗಳು ಅಳುತ್ತಿಲ್ಲ, ಬೈಯುತ್ತಿಲ್ಲ, ಹತ್ತಿರ ಹೋಗಬೇಕು, ತಬ್ಬಬೇಕು, ಮಗಳು ಕೈ ತೆಗೆಯುತ್ತಿಲ್ಲ, ಬೂದಿಯೂ ಆರಿದ ಒಲೆ, ಅದರ ಮೇಲೆ ಅಂಗೈ, ಐದು ಬೆರಳೂ ಅಗಲಿಸಿ, ಅಂಗೈ, ತಣ್ಣಗಿನ ಒಲೆಯ ಮೇಲೆ ಅಂಗೈ —